ಪದ್ಮಜಾ ಗುರುತು ಹಿಡಿದ ಮರ

ನ್ಯೂ ಜೆರ್ಸಿಗೆ ಬಂದು ಏಳು ವರ್ಷವಾದರೂ ನನಗೆ ಗೊತ್ತಿದ್ದ ಓಕ್ ಒಂದೇ, ಐಸೆಲಿನ್‌ನ ಓಕ್ ಟ್ರೀ ರೋಡ್. ಶನಿವಾರ ಬಂತೆಂದರೆ ಅಲ್ಲಿಗೆ ಹೋಗಿ ಅಕ್ಕಿ, ಕರಿಬೇವು, ಹುಣಸೆಹಣ್ಣು ತುಂಬಿಕೊಂಡು ಬರುತ್ತಿದ್ದೆವು. ಆ ರಸ್ತೆಯಲ್ಲಿ ಒಂದಾದರೂ ಓಕ್ ಮರ ಇದೆಯೋ ಇಲ್ಲವೋ ಎಂದು ತಲೆ ಎತ್ತಿ ನೋಡಿದವಳಲ್ಲ ನಾನು. ಪಾರ್ಕಿಂಗ್ ಸಿಕ್ಕಿದರೆ ಸಾಕಾಗಿತ್ತು. ಮರಕ್ಕೂ ಒಂದು ಹೆಸರಿರುತ್ತದೆ, ಆ ಹೆಸರನ್ನು ಹೇಳುವುದು ಹುಡುಗಾಟವಲ್ಲ ಎಂದು ನನಗೆ ಕಲಿಸಿದವಳು ಪದ್ಮಜಾ. ಅವಳ ಬಗ್ಗೆ ಬರೆಯಬೇಕು ಎಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ, ಮುಖವಿಲ್ಲದೆ ಮುಂದೂಡುತ್ತಿದ್ದೆ.

ಪದ್ಮಜಾ ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂಬತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಗಂಡ ದಿವಾಕರ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಎರಡು ಸಾವಿರದ ಇಸವಿಗೆ ತಯಾರು ಮಾಡುವ ಕೆಲಸಕ್ಕೆಂದು ತೊಂಬತ್ತೆಂಟರ ಅಕ್ಟೋಬರಿನಲ್ಲಿ ಹಿಲ್ಸ್‌ಬರೋಗೆ ಬಂದ. ಆಗ ಅಂಥವರನ್ನು ವಿಮಾನದ ತುಂಬ ತಂದು ಇಳಿಸುತ್ತಿದ್ದ ಕಾಲ. ದಿವಾಕರನಿಗೆ ಎಚ್-ಒನ್ ವೀಸಾ, ಪದ್ಮಜಾಗೆ ಎಚ್-ಫೋರ್. ಎಚ್-ಫೋರ್ ಎಂದರೆ ಅಡುಗೆ ಮಾಡಬಹುದು, ಬಟ್ಟೆ ಒಗೆಯಬಹುದು, ಹಿಮ ಬೀಳುವುದನ್ನು ಕಿಟಕಿಯಿಂದ ನೋಡಬಹುದು; ಸಂಬಳ ಬರುವ ಕೆಲಸ ಮಾತ್ರ ಮಾಡುವಂತಿಲ್ಲ. ನಾನು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ, ಗ್ರೀನ್ ಕಾರ್ಡ್ ಕೈಗೆ ಬಂದಿತ್ತು. ಎಚ್-ಫೋರ್ ಹೆಂಡತಿಯರ ಬಗ್ಗೆ ನನಗೆ ಒಂದು ಬಗೆಯ ಅಸಡ್ಡೆಯಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಅವಳನ್ನು ಕಂಡದ್ದು ನಮ್ಮ ಟೌನ್‌ಹೌಸ್ ಎದುರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ. ಚೂಡಿದಾರದ ಮೇಲೆ ಗಂಡನ ದೊಗಳೆ ಜಾಕೆಟ್ ಹಾಕಿಕೊಂಡು, ಎಲೆಯೆಲ್ಲ ಉದುರಿದ ಒಂದು ಮರಕ್ಕೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

"ಏನ್ರೀ, ಏನಾದ್ರೂ ಕಳಕೊಂಡ್ರಾ?" ಎಂದೆ, ಕನ್ನಡದವಳೆಂದು ಮುಖ ನೋಡಿಯೇ ಗೊತ್ತಾಗಿ.

"ಇಲ್ಲ ಇಲ್ಲ. ಇದು ಯಾವ ಮರ ಅಂತ ನೋಡ್ತಿದ್ದೆ," ಎಂದಳು. "ಬಂದು ಒಂದು ತಿಂಗಳಾಯ್ತು, ಒಂದು ಮರದ ಹೆಸರೂ ಗೊತ್ತಿಲ್ಲ ನೋಡಿ. ಮದುವೆ ಮನೆಗೆ ಹೋಗಿ ಯಾರ ಗುರುತೂ ಸಿಗದೆ ಮೂಲೆಯಲ್ಲಿ ಕೂತ ಹಾಗಾಗಿದೆ."

ಆ ಚಳಿಗಾಲ ಮುಗಿಯುವುದರೊಳಗೆ ಅವಳು ಲೈಬ್ರರಿಯಲ್ಲಿದ್ದ ಮರಗಳ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಳು. ವಸಂತ ಬರುತ್ತಿದ್ದಂತೆ ನಡೆಯಲು ಶುರು ಮಾಡಿದಳು. ಕಾರಿಲ್ಲ, ಲೈಸೆನ್ಸ್ ಇಲ್ಲ; ಫುಟ್‌ಪಾತೇ ಇಲ್ಲದ ರಸ್ತೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ನಡೆಯುವ ಹೆಂಗಸನ್ನು ಕಂಡು ಎರಡು ಸಲ ಪೊಲೀಸರು ಕಾರು ನಿಲ್ಲಿಸಿ "ಆರ್ ಯು ಓಕೆ, ಮ್ಯಾಮ್?" ಎಂದು ಕೇಳಿದ್ದರಂತೆ. ತಂದ ಎಲೆ, ಕಡ್ಡಿ, ಕಾಯಿಗಳನ್ನು ಐಸೆಲಿನ್ ಅಂಗಡಿಗಳಲ್ಲಿ ಪುಕ್ಕಟೆ ಸಿಗುವ ಇಂಡಿಯನ್ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ನಾಲ್ಕು ಟೆಲಿಫೋನ್ ಡೈರೆಕ್ಟರಿ ಹೇರಿ ಒಣಗಿಸುತ್ತಿದ್ದಳು. ಒಣಗಿದ ಮೇಲೆ ದಪ್ಪ ಬಿಳಿ ಹಾಳೆಗೆ ಹೊಲಿದು, ಮೂಲೆಯಲ್ಲಿ ಚೀಟಿ ಅಂಟಿಸುವುದು. ಮರದ ಹೆಸರು, ಸಿಕ್ಕ ಜಾಗ, ನೆಲ ಎಂಥದ್ದು, ತಾರೀಖು, ಸಂಗ್ರಹಿಸಿದವರು, ಗುರುತಿಸಿದವರು, ಷರಾ. ಕಾಲೇಜಿನಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ ಇರುತ್ತಿತ್ತಂತೆ. ಇಲ್ಲಿ ಯಾರು ನೋಡಬೇಕು ಎಂದು ಕನ್ನಡದಲ್ಲೇ ಬರೆಯುತ್ತಿದ್ದಳು.

ಒಂದು ದಿನ ಆ ಹಾಳೆಗಳನ್ನು ತಿರುವಿ ಹಾಕುವಾಗ ನೋಡಿದೆ. ಮೂವತ್ತು ನಲವತ್ತು ಹಾಳೆಗಳಲ್ಲಿ 'ಗುರುತಿಸಿದವರು' ಎಂಬಲ್ಲಿ ಬರೀ ಖಾಲಿ.

"ಇದ್ಯಾಕ್ರೀ? ಮೇಪಲ್ ಅಂತ ನನಗೇ ಗೊತ್ತಾಗುತ್ತೆ. ಹೆಸರು ಹಾಕ್ಕೊಳ್ಳಿ, ಯಾರು ಬೇಡ ಅಂತಾರೆ?"

"ಬರೀ ಎಲೆ ನೋಡಿ ಹೆಸರು ಹಾಕಬಾರದು ರಾಜಿ. ಎಲೆ ನೋಡ್ಬೇಕು, ತೊಗಟೆ ಮುಟ್ಬೇಕು, ಕಾಯಿ ನೋಡ್ಬೇಕು, ಅದು ನಿಂತ ನೆಲ ನೋಡ್ಬೇಕು. ನಾಲ್ಕೂ ಒಂದೇ ಮಾತು ಹೇಳಿದ್ರೆ ಆಗ ಸಹಿ. ಮೈಸೂರಲ್ಲಿ ಮಕ್ಕಳಿಗೆ ಇದನ್ನ ಹೇಳಿ ಹೇಳಿ ನನ್ನ ಗಂಟಲೇ ಹೋಗಿತ್ತು."

ಈ ಹೆಂಗಸಿಗೆ ಹೊತ್ತು ಹೋಗುವುದಿಲ್ಲ ಪಾಪ, ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಅದೇ ವರ್ಷ ನಮ್ಮ ಕನ್ನಡ ಸಂಘದವರು ಹಿಲ್ಸ್‌ಬರೋ ಆಚೆಯ ಗುಡ್ಡದ ಮೇಲೆ ಒಂದಿಷ್ಟು ಜಾಗ ಕೊಂಡರು, ಸಂಘಕ್ಕೊಂದು ಸ್ವಂತ ಭವನ ಕಟ್ಟಬೇಕೆಂದು. ನನ್ನ ಗಂಡ ಸುಬ್ಬು ಕಟ್ಟಡ ಸಮಿತಿಯ ಕಾರ್ಯದರ್ಶಿ. ಯುಗಾದಿಗೂ ರಾಜ್ಯೋತ್ಸವಕ್ಕೂ ಸ್ಕೂಲು ಕೆಫೆಟೇರಿಯಾ ಬಾಡಿಗೆಗೆ ಹಿಡಿದು, ಒಂಬತ್ತಕ್ಕೆ ಖಾಲಿ ಮಾಡಿ ಎಂದು ಕಾವಲುಗಾರ ಬಂದು ನಿಲ್ಲುವಾಗ ಅನ್ನ ನುಂಗಿಕೊಂಡು ಏಳುವ ಅವಸ್ಥೆ ಎಲ್ಲರಿಗೂ ಸಾಕಾಗಿತ್ತು. ಜಾಗ ನೋಡಲೆಂದು ಮೇ ತಿಂಗಳ ಒಂದು ಭಾನುವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹದಿನೈದು ಸಂಸಾರ ಹೋದೆವು. ದಿವಾಕರ, ಪದ್ಮಜಾ ನಮ್ಮ ಕಾರಿನಲ್ಲೇ ಬಂದರು.

ನಾವೆಲ್ಲ ಸ್ಟೇಜ್ ಎಲ್ಲಿ, ಅಡುಗೆಮನೆ ಎಲ್ಲಿ ಎಂದು ಬಾಯಲ್ಲೇ ಭವನ ಕಟ್ಟುತ್ತಿರುವಾಗ ಪದ್ಮಜಾ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಜಾಗದ ಹಿಂಭಾಗದಲ್ಲಿ, ಬಂಡೆಗಳ ನಡುವಿನ ಒಂದು ಏರಿನ ಮೇಲೆ, ಭಾರಿ ಮರವೊಂದರ ಕೆಳಗೆ ಕತ್ತೆತ್ತಿಕೊಂಡು ನಿಂತಿದ್ದಳು. ಇಬ್ಬರು ಕೈ ಚಾಚಿ ತಬ್ಬಿದರೂ ಸುತ್ತು ಮುಗಿಯದಷ್ಟು ದಪ್ಪ. ಕಪ್ಪಗೆ, ಉದ್ದುದ್ದಕ್ಕೆ ಆಳವಾಗಿ ಸೀಳಿದ ತೊಗಟೆ.

"ಮುಟ್ಟಿ ನೋಡಿ," ಎಂದಳು. "ಮೈಸೂರು ಝೂನಲ್ಲಿ ಮೊಸಳೆ ಬೆನ್ನು ನೋಡಿಲ್ವಾ, ಹಾಗಿಲ್ಲ?"

ಹಾಗೇ ಇತ್ತು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಮ್ಮೆಯಾದರೂ ಅವಳನ್ನು ಆ ಗುಡ್ಡಕ್ಕೆ ಡ್ರೈವ್ ಮಾಡಿಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲಾಮೇಲೆ ಆ ಮರದ ಕೆಳಗೆ ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂರುವುದು ನನಗೂ ಬೇಕೆನ್ನಿಸತೊಡಗಿತು. ಆಫೀಸಿನಲ್ಲಿ ನನ್ನನ್ನು ಯಾರೂ ಕೇಳದ ಮಾತುಗಳನ್ನು ಅವಳು ಕೇಳುತ್ತಿದ್ದಳು. ಸ್ನೇಹವಾಯಿತು ಎಂದು ಬಾಯಿಬಿಟ್ಟು ಹೇಳಬೇಕಾದರೆ ಅಲ್ಲೇ ಆದದ್ದು.

ಅಕ್ಟೋಬರಿನಲ್ಲಿ ಕಾಯಿ ಬಿದ್ದ ಮೇಲೆ ಅವಳು ತೀರ್ಮಾನಕ್ಕೆ ಬಂದಳು. ನನ್ನನ್ನು ವಿದ್ಯಾರ್ಥಿನಿಯ ಹಾಗೆ ನಿಲ್ಲಿಸಿಕೊಂಡು ಎಲೆ ತೋರಿಸಿದಳು. ಉದ್ದನೆಯ ಎಲೆ, ಅಂಚು ಒಂದೇ ಸಮ ಅಲೆ ಅಲೆ.

"ಈ ತರಹದ ಅಲೆ ಅಂಚು ಇಲ್ಲಿ ಎರಡು ಓಕ್‌ಗೆ ಇರುತ್ತೆ. ಒಂದು ಜೌಗಿನ ಓಕ್, ನೀರು ನಿಲ್ಲೋ ಕಡೆ ಬೆಳೆಯೋದು. ಇನ್ನೊಂದು ಚೆಸ್ಟ್‌ನಟ್ ಓಕ್, ಒಣ ಗುಡ್ಡದ ಮೇಲೆ, ಕಲ್ಲಿನ ಮೇಲೆ ಬೆಳೆಯೋದು. ಎಲೆ ಮಾತ್ರ ನೋಡಿದ್ರೆ ಎಂಥವರೂ ಮೋಸ ಹೋಗ್ತಾರೆ. ಈಗ ಎಲೆ ತಿರುಗಿಸಿ. ಜೌಗಿನದಾದ್ರೆ ಕೆಳಮೈ ಬೆಳ್ಳಗೆ, ಮಖಮಲ್ ಹಾಗಿರುತ್ತೆ. ಇದು ಇಲ್ಲ. ಅದರ ಕಾಯಿ ಉದ್ದ ತೊಟ್ಟಲ್ಲಿ ನೇತಾಡುತ್ತೆ, ಇದರದು ಕೊಂಬೆಗೆ ಅಂಟಿಕೊಂಡ ಹಾಗೆ ಕೂತಿದೆ. ಅದರ ತೊಗಟೆ ಹಪ್ಪಳದ ಹಾಗೆ ಏಳುತ್ತೆ, ಇದನ್ನ ಕೀಳೋಕೆ ನೋಡಿ."

ಕೀಳಲು ನೋಡಿದೆ. ನನ್ನ ಉಗುರು ಮುರಿಯಿತು.

"ಸರಿ ಮೇಡಂ," ಎಂದೆ. ಇಬ್ಬರೂ ನಕ್ಕೆವು. ಆ ಸಂಜೆ ಅಪಾರ್ಟ್‌ಮೆಂಟಿನಲ್ಲಿ ಅವಳು ಆ ಮರದ ಎಲೆಯ ಹಾಳೆಯಲ್ಲಿ, ಈ ದೇಶಕ್ಕೆ ಬಂದು ಒಂದು ವರ್ಷದ ಮೇಲೆ ಮೊದಲ ಸಲ, 'ಗುರುತಿಸಿದವರು' ಎಂಬಲ್ಲಿ ತನ್ನ ಹೆಸರು ಬರೆದಳು. ಇಷ್ಟಕ್ಕೆ ಕಣ್ಣೊದ್ದೆ ಮಾಡಿಕೊಳ್ಳುವುದೇ ಎಂದು ನಾನು ರೇಗಿಸಿದೆ.

ಎರಡು ಸಾವಿರದ ಫೆಬ್ರವರಿಯಲ್ಲಿ ಸಂಘದವರು ಗೊತ್ತುಮಾಡಿದ ಸರ್ವೆಯವನು ವರದಿ ಕೊಟ್ಟ. ಚಳಿಗಾಲದಲ್ಲಿ ಬಂದವನು, ಮರದಲ್ಲಿ ಎಲೆಯಿಲ್ಲ. ನೆಲದಲ್ಲಿ ಕೊಳೆತು ಬಿದ್ದ ಎಲೆ ನೋಡಿ, ಬಂಡೆಯ ಮೇಲೆ ಹಿಮ ಕರಗಿ ನಿಂತ ನೀರು ನೋಡಿ, ಹಿಂಭಾಗದಲ್ಲಿರುವುದು ಜೌಗಿನ ಓಕ್, ಆ ಭಾಗ ಜೌಗು ನೆಲ ಇರಬಹುದು ಎಂದು ಬರೆದಿದ್ದ. ಜೌಗು ನೆಲವೆಂದರೆ ಮುಗಿಯಿತು, ಈ ರಾಜ್ಯದಲ್ಲಿ ಅಲ್ಲಿ ಒಂದು ಗುದ್ದಲಿ ಮಣ್ಣು ತೆಗೆಯುವಂತಿಲ್ಲ. ಟೌನ್‌ಶಿಪ್ಪಿನವರು ಪರ್ಮಿಟ್ ತಡೆಹಿಡಿದರು.

"ಒಂದು ಮರ ನಮ್ಮ ಕುತ್ತಿಗೆಗೆ ಬಂತಲ್ಲೇ," ಎಂದು ಸುಬ್ಬು ಊಟಕ್ಕೆ ಕೂತವನು ತಟ್ಟೆ ಮುಟ್ಟದೆ ತಲೆಯ ಮೇಲೆ ಕೈ ಹೊತ್ತ.

ನನ್ನ ಬಾಯಿ ಸುಮ್ಮನಿರಬೇಕಿತ್ತು. "ಅದು ಜೌಗಿನದಲ್ಲಾರೀ, ಒಣ ಗುಡ್ಡದ್ದು. ಪದ್ಮಜಾ ಆಗಲೇ ಕಂಡುಹಿಡಿದಿದಾಳೆ," ಎಂದುಬಿಟ್ಟೆ.

ಸುಬ್ಬು ಮೇಲೆದ್ದ. ಅನ್ನ ಆರಿ ಹೋಯಿತು.

ಮರುದಿನ ಅವನು ಅವಳ ಮನೆಗೆ ಹೋಗಿ ಕೇಳಿಕೊಂಡ. ತೊಗಟೆ, ಕಾಯಿ, ನೆಲ ಎಲ್ಲವನ್ನೂ ವಿವರಿಸಿ ಎರಡು ಪುಟ ಬರೆದುಕೊಡಿ, ಸಾಕು; ಎಲೆ ಚಿಗುರಿದ ಮೇಲೆ ಬೇರೊಬ್ಬ ಸರ್ವೆಯವನನ್ನು ಕರೆಸಿ ಅದೇ ವಿವರಗಳನ್ನು ನೋಡಲು ಹೇಳುತ್ತೇವೆ ಎಂದ. ಅವಳು ಒಂದು ವಾರ ಟೈಮ್ ಕೇಳಿದಳು. ಆ ಭಾನುವಾರ ನಾವಿಬ್ಬರೇ ಗುಡ್ಡಕ್ಕೆ ಹೋದೆವು. ಹಿಮ ಇನ್ನೂ ಇತ್ತು, ಕೂರಲಾಗಲಿಲ್ಲ.

"ಪದ್ಮಜಾ, ನೀವು ಸುಮ್ನಿದ್ಬಿಡಿ," ಎಂದೆ. ಹೆಂಡತಿಯಾಗಿ ಆ ಮಾತು ಆಡಬಾರದಿತ್ತು, ಆಡಿದೆ. "ನಿಮ್ಮನ್ನ ಯಾರೂ ಸಾಕ್ಷಿಗೆ ಕರೆದಿಲ್ಲ. ಅವನು ಜೌಗಿನದು ಅಂತ ಬರೆದಿದಾನೆ, ಬರ್ಕೊಳ್ಳಲಿ. ಮರ ಉಳಿಯುತ್ತೆ."

"ಉಳಿಯುತ್ತೆ. ಬೇರೆ ಮರದ ಹೆಸರಲ್ಲಿ ಉಳಿಯುತ್ತೆ."

"ಮರಕ್ಕೇನು ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತಲ್ಲ ರಾಜಿ." ಮರದ ತೊಗಟೆಗೆ ಅಂಗೈ ಇಟ್ಟು ಹೇಳಿದಳು. "ಇಲ್ಲಿಗೆ ಬಂದ್ಮೇಲೆ ನನ್ನ ಹತ್ರ ಏನೂ ಉಳಿದಿಲ್ಲ. ಸಂಬಳ ಇಲ್ಲ, ಡೆಸಿಗ್ನೇಷನ್ ಇಲ್ಲ, ಮನೆ ಬಾಡಿಗೆ ಕಾಗದಕ್ಕೂ ಇವರ ಸಹಿನೇ ಬೇಕು. ಒಂದು ಗಿಡ ತೋರಿಸಿದ್ರೆ ಸರಿಯಾದ ಹೆಸರು ಹೇಳ್ತೀನಿ, ಅಷ್ಟೇ ನಾನು. ಅದನ್ನೂ ಸುಳ್ಳು ಮಾಡ್ಕೊಂಡ್ರೆ ಇನ್ನೇನಿದೆ?"

ಅವಳು ಬರೆದುಕೊಟ್ಟಳು. ಒಂದೇ ಒಂದು ಷರತ್ತು ಹಾಕಿದಳು, ಆ ಮರ ಕಡಿಯಬಾರದು. ಕಾಗದ ಇಸಿದುಕೊಳ್ಳುವಾಗ ಸುಬ್ಬು, "ಆ ಮರ ಎಲ್ಲೂ ಹೋಗಲ್ಲ ಪದ್ಮಜಾ ಅವರೇ. ಅದರ ಸುತ್ತ ಕಟ್ಟೆ ಕಟ್ಟಿಸ್ತೀವಿ, ನಮ್ಮೂರಿನ ಅಶ್ವತ್ಥಕಟ್ಟೆ ಹಾಗೆ. ನನ್ನ ಮಾತು," ಎಂದ. ಅವನು ಆಗ ಸುಳ್ಳು ಹೇಳಲಿಲ್ಲ. ಆಡಿದ ಹೊತ್ತಿಗೆ ಅವನ ಮಾತು ನಿಜವಾಗಿತ್ತು, ನಾನೂ ನಂಬಿದೆ.

ಮೇ ತಿಂಗಳಲ್ಲಿ ಎರಡನೆಯ ಸರ್ವೆಯವನು ಬಂದ. ಅವಳ ಎರಡು ಪುಟ ಕೈಯಲ್ಲಿ ಹಿಡಿದು ಮರ ಸುತ್ತಿದ, ಮಣ್ಣು ತೋಡಿ ನೋಡಿದ, ಒಣ ಗುಡ್ಡದ ಓಕ್ ಎಂಬುದೇ ಸರಿ, ಜೌಗಲ್ಲ ಎಂದು ಬರೆದ. ಹೋಗುವಾಗ ಈ ಮೇಡಂ ಯಾವ ಯೂನಿವರ್ಸಿಟಿಯಲ್ಲಿದ್ದಾರೆ ಎಂದು ಕೇಳಿದನಂತೆ. ಆ ಒಂದು ಮಾತನ್ನು ದಿವಾಕರ ಕಂಡ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ. ಪದ್ಮಜಾ ಆ ಬೇಸಿಗೆಯಲ್ಲಿ ಸ್ವಲ್ಪ ದಪ್ಪಗಾದಳು, ನಗುವುದು ಕಲಿತಳು. ನನ್ನ ಮಗಳು ಸನ್ನಿಧಿ ಅವಳ ಹಿಂದೆ ಹಿಂದೆ ಸುತ್ತುತ್ತ, "ಆಂಟಿ, ವಾಟ್ ಟ್ರೀ ಈಸ್ ದಿಸ್?" ಎಂದು ಕೇಳುವಳು, ಅವಳು ಕನ್ನಡದಲ್ಲೇ ಉತ್ತರ ಕೊಡುವಳು.

ಸೆಪ್ಟೆಂಬರಿನಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಇನ್ನೊಂದು ತೊಡಕು ಬಂತು. ಗುಡ್ಡದ ಮೇಲೆ ಊರಿನ ಒಳಚರಂಡಿ ಇಲ್ಲ, ಕಕ್ಕಸಿನ ನೀರು ಇಂಗಿಸಲು ಜಾಗದೊಳಗೇ ನೆಲ ಅಗೆದು ಜಲ್ಲಿಯ ಹಾಸು ಮಾಡಬೇಕು. ಎಲ್ಲಿ ಅಗೆದರೂ ಒಂದಡಿಗೆ ಬಂಡೆ. ನೀರು ಚೆನ್ನಾಗಿ ಇಂಗುವ, ಆಳವಾದ ಒಣ ಮಣ್ಣು ಇದ್ದದ್ದು ಒಂದೇ ಕಡೆ, ಆ ಮರದ ಸುತ್ತ. ಅದು ಒಣ ನೆಲ ಎಂದು ತೋರಿಸಿಕೊಟ್ಟವಳು ಪದ್ಮಜಾಳೇ.

"ಬೇರೆ ದಾರಿ ಇಲ್ಲ ರಾಜಿ," ಎಂದ ಸುಬ್ಬು. "ನಾಲ್ಕು ಪ್ಲ್ಯಾನ್ ಹಾಕಿಸಿ ನೋಡಿದೆ. ಅಕ್ಟೋಬರ್ ಎರಡನೇ ವಾರ ಮರ ಕಡಿಯೋರು ಬರ್ತಾರೆ. ಪದ್ಮಜಾ ಅವರಿಗೆ ಈಗ್ಲೇ ಹೇಳ್ಬೇಡ. ಗೊತ್ತಾದ್ರೆ ಗುಡ್ಡ ಹತ್ತಿ ಮರ ತಬ್ಬಿಕೊಂಡು ಕೂತ್ಕೊಂಡಾರು. ಆದ್ಮೇಲೆ ನಾನೇ ಹೋಗಿ ಹೇಳ್ತೀನಿ, ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

ನಾನು ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಆದರೆ ಪದ್ಮಜಾಗೆ ಹೇಳಲಿಲ್ಲ. ಎದುರಿನ ಅಪಾರ್ಟ್‌ಮೆಂಟು, ರಸ್ತೆ ದಾಟಿದರೆ ಮನೆ. ಪ್ರತಿ ದಿನ ಇವತ್ತು ಹೇಳೋಣ ಎಂದುಕೊಳ್ಳುವುದು, ಕಾರಿನಿಂದ ಇಳಿದು ನೇರ ನಮ್ಮ ಮನೆಗೆ ನುಗ್ಗುವುದು. ಅವಳು ಗುಡ್ಡಕ್ಕೆ ಹೋಗೋಣವೇ ಎಂದು ಫೋನ್ ಮಾಡಿದಾಗ ಆಫೀಸಿನಲ್ಲಿ ಪ್ರೋಗ್ರಾಮ್ ರಿಲೀಸ್ ಇದೆ ಎಂದೆ. ಮುಂದಿನ ವಾರ ಸನ್ನಿಧಿಗೆ ಜ್ವರ ಎಂದೆ. ಜ್ವರ ಇರಲಿಲ್ಲ.

ಹೇಳುವ ಧೈರ್ಯವಿಲ್ಲದವಳು ಒಂದು ಉಪಾಯ ಮಾಡಿದೆ. ಸೆಪ್ಟೆಂಬರ್ ಕೊನೆಯ ಶನಿವಾರ ಒಬ್ಬಳೇ ಒಂದು ಬಕೆಟ್ ಹಿಡಿದು ಗುಡ್ಡಕ್ಕೆ ಹೋದೆ. ಮರದ ಕೆಳಗೆಲ್ಲ ಕಾಯಿ ಚೆಲ್ಲಿತ್ತು, ಟೊಪ್ಪಿಗೆ ಹಾಕಿಕೊಂಡ ಹೆಬ್ಬೆರಳು ಗಾತ್ರದ ಕಾಯಿಗಳು. ಬಕೆಟ್ ತುಂಬಿಸಿದೆ. ಮರ ಹೋದರೆ ಏನಂತೆ, ಇದರ ಮಕ್ಕಳನ್ನು ಇವಳ ಕೈಗೆ ಕೊಡುತ್ತೇನೆ, ಮೈಸೂರಿಗಾದರೂ ಒಯ್ಯಲಿ, ಇಲ್ಲಾದರೂ ನೆಡಲಿ ಎಂದುಕೊಂಡೆ. ತಗ್ಗಿನ ಕೊಂಬೆಯೊಂದರಿಂದ ಎಲೆ ಕಾಯಿ ಎರಡೂ ಇದ್ದ ಒಂದು ಕಡ್ಡಿಯನ್ನೂ ಮುರಿದುಕೊಂಡು ಬಂದು ಅವಳ ಹಾಗೆಯೇ ಟೆಲಿಫೋನ್ ಡೈರೆಕ್ಟರಿಯಲ್ಲಿ ಒತ್ತಿಟ್ಟೆ.

ಬೀಜ ಕಾಪಿಡುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳವಳ್ಳಿ ಕಡೆಯ ನನ್ನ ಅಜ್ಜಿ ಅವರೆ, ಸೋರೆ, ಹೀರೆ ಬೀಜಗಳನ್ನು ಬಿಸಿಲಿಗೆ ಹಾಕಿ, ಬೂದಿ ಬೆರೆಸಿ, ಮಡಕೆಗೆ ತುಂಬಿಡುತ್ತಿದ್ದಳು. ವರ್ಷವಾದರೂ ಒಂದು ಹುಳ ಬೀಳುತ್ತಿರಲಿಲ್ಲ. ನಾನು ಕಾಯಿಗಳನ್ನು ತೊಳೆದು ಮನೆಯ ಹಿಂದಿನ ಡೆಕ್ಕಿನ ಮೇಲೆ ಹಳೆಯ ಪಂಚೆ ಹಾಸಿ ಹರಡಿದೆ. ಕೆಲವುಗಳ ಮೂತಿ ಆಗಲೇ ಬಿರಿದು ಬಿಳಿ ಮೊಳಕೆ ಇಣುಕುತ್ತಿತ್ತು. ಮೊಳಕೆ ಬಂದ ಬೀಜ ಬಿತ್ತನೆಗೆ ಬರುವುದಿಲ್ಲ ಎಂದು ಅಜ್ಜಿ ಆರಿಸಿ ಬಿಸಾಡುತ್ತಿದ್ದುದು ನೆನಪಿಗೆ ಬಂತು. ಹಾಗೆ ಮೊಳೆತವನ್ನೆಲ್ಲ ಒಂದೊಂದಾಗಿ ಆರಿಸಿ ಕಸದ ಚೀಲಕ್ಕೆ ಹಾಕಿದೆ. ಉಳಿದವನ್ನು ಹತ್ತು ದಿನ ಬಿಸಿಲಿಗಿಟ್ಟು ಗಲಗಲ ಎನ್ನುವವರೆಗೆ ಒಣಗಿಸಿದೆ. ಬೇಸಿಗೆಯಲ್ಲಿ ಜೋಳದ ತೆನೆ ಸುಟ್ಟಿದ್ದ ಗ್ರಿಲ್ಲಿನ ತಳದಿಂದ ಬೂದಿ ಕೆರೆದು, ಜರಡಿ ಹಿಡಿದು, ಬೆರೆಸಿ, ಡಬ್ಬಿಗೆ ತುಂಬಿದೆ. ಯುಗಾದಿಗೆ ಕೊಡುವುದು, ವಸಂತದಲ್ಲಿ ನೆಡುವುದು ಎಂದು ಲೆಕ್ಕ ಹಾಕಿದೆ. ಮನಸ್ಸಿನ ಭಾರ ಅರ್ಧ ಇಳಿದಂತಾಯಿತು.

ಅಕ್ಟೋಬರಿನ ಒಂದು ಮಂಗಳವಾರ ಮರ ಬಿತ್ತು. ನಾನು ಆಫೀಸಿನಲ್ಲಿದ್ದೆ.

ಸುಬ್ಬು ಹೇಳಲು ಹೋಗುವ ಮೊದಲೇ, ಆ ಭಾನುವಾರ, ದಿವಾಕರ ಹೊಸದಾಗಿ ಕೊಂಡ ಹಳೆಯ ಕಾರಿನಲ್ಲಿ ಹೆಂಡತಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದ, ಅವಳಿಗೆ ಖುಷಿಯಾಗಲಿ ಎಂದು. ಅವಳು ಬೊಡ್ಡೆಯ ಪಕ್ಕ ಮಂಡಿಯೂರಿ ಕೂತು ಉಂಗುರಗಳನ್ನು ಎಣಿಸಿದಳಂತೆ. ನೂರ ನಲವತ್ತೆರಡಕ್ಕೆ ನಿಲ್ಲಿಸಿದಳಂತೆ, ಇನ್ನೂ ಇದ್ದವು, ಕಣ್ಣು ಕಾಣಲಿಲ್ಲ. ಇದನ್ನೆಲ್ಲ ದಿವಾಕರ ನನಗೆ ಫೋನಿನಲ್ಲಿ ಹೇಳಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸುಬ್ಬು ಹೋಗಿ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿ ಬಂದ. "ಒಳಗೆ ಬನ್ನಿ, ಕಾಫಿ ತಗೊಳ್ಳಿ," ಎಂದಳಂತೆ ಅವಳು. ಇನ್ನೇನೂ ಹೇಳಲಿಲ್ಲವಂತೆ.

ನನ್ನ ಹತ್ತಿರವೂ ಅವಳು ಏನೂ ಕೇಳಲಿಲ್ಲ. ಕಂಡರೆ ನಗುತ್ತಿದ್ದಳು, ನಿಂತು ಮಾತಾಡುತ್ತಿರಲಿಲ್ಲ. ಆ ಚಳಿಗಾಲ ಅವಳು ನಡೆಯುವುದನ್ನು ಬಿಟ್ಟಳು. ನನಗೆ ಗೊತ್ತಿತ್ತೇ ಎಂದು ಒಮ್ಮೆ ಕೇಳಿಬಿಟ್ಟಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಕೇಳದೆ ನನ್ನನ್ನು ಹಾಗೇ ಇಟ್ಟಳು. ಡಬ್ಬಿ ಇದೆಯಲ್ಲ, ಯುಗಾದಿ ಬರಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಯುಗಾದಿಯ ಸಂಜೆ ಆಫೀಸಿನಿಂದ ಬಂದವಳೇ ಬೇವು ಬೆಲ್ಲ ಒಂದು ಕೈಯಲ್ಲಿ, ಡಬ್ಬಿ ಒಂದು ಕೈಯಲ್ಲಿ ಹಿಡಿದು, ಡೈರೆಕ್ಟರಿಯಲ್ಲಿ ಒತ್ತಿಟ್ಟಿದ್ದ ಕಡ್ಡಿಯನ್ನೂ ಡಬ್ಬಿಯ ಮೇಲಿಟ್ಟುಕೊಂಡು ರಸ್ತೆ ದಾಟಿದೆ. ಪದ್ಮಜಾ ಬಾಗಿಲು ತೆರೆದಳು. ಹಬ್ಬದ ಸೀರೆ ಉಟ್ಟಿದ್ದಳು. ನಾನು ಅಡುಗೆಮನೆಯ ಟೇಬಲ್ಲಿನ ಮೇಲೆ ಕಡ್ಡಿಯನ್ನೂ ಡಬ್ಬಿಯನ್ನೂ ಇಟ್ಟು ಡಬ್ಬಿಯ ಮುಚ್ಚಳ ತೆಗೆದೆ.

"ಆ ಮರದ್ದು," ಎಂದೆ. "ಕಡಿಯೋಕೆ ಮುಂಚೆ, ಸೆಪ್ಟೆಂಬರಲ್ಲೇ ಆರಿಸಿಟ್ಟಿದ್ದೆ. ನೆಡೋಣ ಪದ್ಮಜಾ, ಇಬ್ಬರೂ ಸೇರಿ. ಎಲ್ಲಿ ಬೇಕು ಹೇಳಿ, ನಾನು ಅಗೀತೀನಿ."

ಬೂದಿ ಮೆತ್ತಿದ ಒಂದು ಕಾಯಿಯನ್ನು ಅವಳು ಎತ್ತಿಕೊಂಡಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗಲ್ ಎಂದಿತು. ಅವಳು ಒಂದು ಪಾತ್ರೆಗೆ ನೀರು ಹಿಡಿದು ಟೇಬಲ್ಲಿನ ಮೇಲಿಟ್ಟು ಒಂದು ಹಿಡಿ ಕಾಯಿ ಹಾಕಿದಳು. ಎಲ್ಲ ತೇಲಿದವು. ಇನ್ನೊಂದು ಹಿಡಿ ಹಾಕಿದಳು, ತೇಲಿದವು. ಡಬ್ಬಿ ಬರಿದಾಗುವವರೆಗೂ ಹಾಕಿದಳು. ಒಂದು ಕಾಯಿಯಾದರೂ ಮುಳುಗಲಿ ಎಂದು ಇಬ್ಬರೂ ಆ ನೀರನ್ನು ನೋಡುತ್ತ ನಿಂತಿದ್ದೆವು. ಬೂದಿ ಮಾತ್ರ ಕೆಳಗಿಳಿಯಿತು.

"ಜೀವ ಇರೋದು ಮುಳುಗುತ್ತೆ," ಎಂದಳು ಮೆಲ್ಲಗೆ. "ಇದು ಒಣಗಿಸಿಡೋ ಬೀಜ ಅಲ್ಲ ರಾಜಿ. ಒಣ ನೆಲದಲ್ಲಿ ಬದುಕೋ ಮರವೇ, ಆದ್ರೆ ಬೀಜಕ್ಕೆ ಒಣಗೋದನ್ನ ತಡಕೊಳ್ಳೋಕಾಗಲ್ಲ. ಬಿದ್ದ ತಿಂಗಳಲ್ಲೇ ಮೊಳಕೆ ಒಡೆಯುತ್ತೆ. ಮೊಳೆತದ್ದನ್ನ ಆಗ್ಲೇ ಮಣ್ಣಿಗೆ ಹಾಕಿದ್ರೆ ಸಾಕಿತ್ತು."

ಕಸದ ಚೀಲಕ್ಕೆ ಹಾಕಿದ ಬಿಳಿ ಮೂತಿಯ ಕಾಯಿಗಳು ನನ್ನ ಕಣ್ಣೆದುರಿಗೆ ಬಂದವು. ನಾನು ಕುರ್ಚಿ ಎಳೆದುಕೊಂಡು ಕೂತೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು. "ಹೇಗೆ ಇಡೋದು ಅಂತ, ಒಂದೇ ಒಂದು ಮಾತು?"

ಕೇಳಬಹುದಿತ್ತು. ಕೇಳಿದ್ದರೆ ಏಕೆ ಎನ್ನುತ್ತಿದ್ದಳು, ಏಕೆ ಎಂದರೆ ಮರ ಕಡಿಯುತ್ತಾರೆ ಎಂದು ಹೇಳಬೇಕಾಗುತ್ತಿತ್ತು. ನನ್ನ ಮುಖ ನೋಡುತ್ತ ನೋಡುತ್ತ ಅವಳಿಗೆ ಅದು ಅರ್ಥವಾದದ್ದು ನನಗೆ ಕಾಣಿಸಿತು.

"ಓ," ಎಂದಳು. "ನಿಮಗೆ ಗೊತ್ತಿತ್ತು."

ನಾನು ಹೌದೆಂದು ತಲೆಯಾಡಿಸಿದೆ. ಅತ್ತುಬಿಟ್ಟೆ. ಅವಳು ಅಳಲಿಲ್ಲ. ತೇಲುತ್ತಿದ್ದ ಕಾಯಿಗಳನ್ನು ಬಸಿದು ಒಂದು ಬಟ್ಟೆಯ ಮೇಲೆ ಹರಡಿದಳು, ನಾನು ಹೊರಡುವಾಗ ಅರಿಶಿನ ಕುಂಕುಮ ಕೊಟ್ಟಳು. ಕಡ್ಡಿ ಟೇಬಲ್ಲಿನ ಮೇಲೇ ಉಳಿಯಿತು.

ಎರಡು ತಿಂಗಳಿಗೆ ದಿವಾಕರನ ಪ್ರಾಜೆಕ್ಟು ನಿಂತಿತು. ಆ ವರ್ಷ ಎಲ್ಲರದೂ ನಿಲ್ಲುತ್ತಿತ್ತು. ಇನ್ನೊಂದು ಸಿಗಲಿಲ್ಲ. ಜೂನ್ ಕೊನೆಗೆ ಮೈಸೂರಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಇಳಿಯುವಾಗ ಅವಳು ರಟ್ಟು ಇಟ್ಟು ಕಟ್ಟಿದ ಒಂದು ದೊಡ್ಡ ಲಕೋಟೆಯನ್ನು ಹಿಂದಿನ ಸೀಟಿನ ಮೇಲಿಟ್ಟು, "ಮನೆಗೆ ಹೋದ್ಮೇಲೆ ನೋಡಿ," ಎಂದಳು. ಆಮೇಲೆ ಅವಳು ಅದೇ ಕಾಲೇಜಿಗೆ ಸೇರಿದಳು, ಇದೀಗ ರಿಟೈರ್ ಆಗಿದ್ದಾಳೆ. ವರ್ಷಕ್ಕೊಮ್ಮೆ ಯುಗಾದಿಗೆ ಫೋನ್ ಮಾಡುತ್ತೇನೆ, ಚೆನ್ನಾಗಿ ಮಾತಾಡುತ್ತಾಳೆ. ಮರದ ಮಾತನ್ನು ಅವಳೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ.

ಭವನ ಕಟ್ಟಿ ಮುಗಿದು ಈಗ ಇಪ್ಪತ್ತು ವರ್ಷದ ಮೇಲಾಗಿದೆ. ಅಲ್ಲಿ ಸನ್ನಿಧಿಯ ಮದುವೆ ಮಾಡಿದೆವು. ಯಾರೂ ಒಂಬತ್ತು ಗಂಟೆಗೆ ಏಳಿ ಎನ್ನುವುದಿಲ್ಲ, ಚೆನ್ನಾಗಿದೆ. ಹಿಂಭಾಗದಲ್ಲಿ ಹುಲ್ಲು ಬೆಳೆದಿದೆ. ಎಲ್ಲಾದರೂ ಕಲ್ಲುಗುಡ್ಡದ ಮೇಲೆ ಕಪ್ಪು ತೊಗಟೆಯ ಮರ ಕಂಡರೆ ಈಗ ನನ್ನ ಕೈ ತಾನಾಗಿ ಹೋಗುತ್ತದೆ. ಎಲೆ ತಿರುಗಿಸಿ ನೋಡುತ್ತೇನೆ, ಕಾಯಿ ಹುಡುಕುತ್ತೇನೆ, ನೆಲ ನೋಡುತ್ತೇನೆ. ತಪ್ಪುವುದಿಲ್ಲ.

ಆ ಲಕೋಟೆಯ ಒಳಗಿದ್ದದ್ದು ಒಂದು ಬಿಳಿ ಹಾಳೆ. ನಾನು ಮುರಿದು ತಂದ ಕಡ್ಡಿಯನ್ನು, ಮೂರು ಎಲೆ ಎರಡು ಕಾಯಿ ಸಮೇತ, ಬಿಳಿ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿದ್ದಳು. ಚೀಟಿ ಅವಳ ದುಂಡು ಅಕ್ಷರದಲ್ಲಿತ್ತು. ಹೆಸರು, ಚೆಸ್ಟ್‌ನಟ್ ಓಕ್. ನೆಲ, ಒಣ ಗುಡ್ಡ, ಕಲ್ಲು. ತಾರೀಖು, ಸೆಪ್ಟೆಂಬರ್ ೨೦೦೦. ಗುರುತಿಸಿದವರು, ಪದ್ಮಜಾ. ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರು ಬರೆದಿದ್ದಳು, ರಾಜಿ ಎಂದು. ಕೆಳಗೆ ಷರಾ ಎಂಬಲ್ಲಿ ಎರಡೇ ಮಾತು, 'ಮರ ಈಗಿಲ್ಲ.'